ಗೃಹಸ್ಥಧರ್ಮವೂ ಮನೆಯ ಗೋಡೆಗಳೂ

ಅಣುವ್ರತ, ಗುಣವ್ರತ, ಶಿಕ್ಷಾವ್ರತಗಳ ಸ್ವರೂಪವನ್ನು ಕುರಿತು ನಮ್ಮ ಸ್ವಾಧ್ಯಾಯ ಗೋಷ್ಠಿಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಆ ವ್ರತಗಳನ್ನು ದಿನನಿತ್ಯ ಪಾಲಿಸಬೇಕಾದ ಸ್ಥಳವಾದ ಮನೆ ಹೇಗಿರಬೇಕೆಂಬ ವಿಚಾರವನ್ನು ನಾವು ಎಂಜಿನಿಯರರಿಗೂ ಮೇಸ್ತ್ರಿಗೂ ಬಿಟ್ಟುಬಿಡುತ್ತೇವೆ. ನಮ್ಮ ಆಚಾರ್ಯರು ಹಾಗೆ ಬಿಟ್ಟವರಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಮೊದಲಿಗೆ ಹೆಸರಿಸುವುದು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಹೊಲ ಮತ್ತು ಮನೆಗಳನ್ನು. ಚಿನ್ನ ಬೆಳ್ಳಿಗಳ ಸರದಿ ಅನಂತರದ್ದು. ಮನೆಯ ವಿಷಯದಲ್ಲಿ ಮನುಷ್ಯನು ಎಲ್ಲಕ್ಕಿಂತ ಮೊದಲು ಎಡವುತ್ತಾನೆಂಬುದನ್ನು ಅವರು ಬಲ್ಲವರಾಗಿದ್ದರೆಂದೇ ನನ್ನ ಭಾವನೆ. ನಾನೂ ಎಡವಿದೆ. ಆ ವೃತ್ತಾಂತವನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೈಸೂರಿನಲ್ಲಿ ನಮ್ಮ ಮಗನು ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಾಗ ನಕ್ಷೆಯನ್ನು ತಂದು ನನ್ನ ಮುಂದೆ ಹರಡಿದನು. ಹಾಲು, ಊಟದ ಜಾಗ, ಅಡುಗೆಮನೆ ಮೂರೂ ಸೇರಿ ಒಂದೇ ಕೋಣೆ. ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. "ಇದನ್ನು ಓಪನ್ ಪ್ಲಾನ್ ಎನ್ನುತ್ತಾರೆ, ಅಪ್ಪಾಜಿ. ಈಗ ಎಲ್ಲರೂ ಹೀಗೆಯೇ ಕಟ್ಟಿಸುವುದು" ಎಂದನು. ನಾನು ನಕ್ಷೆಯನ್ನು ಮಡಿಸಿ ಅವನ ಕೈಗೆ ಕೊಟ್ಟು, "ಶ್ರಾವಕನ ಮನೆಯ ಅಡುಗೆಮನೆ ಛತ್ರದ ಅಡುಗೆಮನೆಯಲ್ಲ. ಬಂದವರು ಹೋದವರು ಚಪ್ಪಲಿ ಮೆಟ್ಟಿಕೊಂಡು ಇಣುಕುವ ಜಾಗದಲ್ಲಿ ಆಹಾರಶುದ್ಧಿ ಎಲ್ಲಿಯದು? ನಾಳೆ ಮುನಿಗಳು ಆಹಾರಕ್ಕೆ ಬಂದರೆ ಎಲ್ಲಿ ಕರೆದೊಯ್ಯುತ್ತೀಯೆ?" ಎಂದು ಕೇಳಿದೆ. ಅವನು ಉತ್ತರ ಹೇಳಲಿಲ್ಲ. ನನ್ನ ಮಾತು ಗೆದ್ದಿತೆಂದು ತಿಳಿದೆ.

ವಾಸ್ತವದಲ್ಲಿ ಈ ವಿನ್ಯಾಸ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು ಷಿಕಾಗೊ ನಗರದಲ್ಲಿ ಕಟ್ಟಿದ, 1910ರಲ್ಲಿ ಪೂರ್ಣಗೊಂಡ ರೋಬಿ ಮನೆಯಲ್ಲಿ ಕೂರುವ ಕೋಣೆಗೂ ಊಟದ ಕೋಣೆಗೂ ನಡುವೆ ಗೋಡೆಯಿಲ್ಲ. ಬೆಂಕಿಗೂಡೊಂದು ಮಾತ್ರ ನಿಂತಿದೆ. ಆದರೆ ಗಮನಿಸಬೇಕಾದ ಅಂಶವೆಂದರೆ, ಆ ಮನೆಯಲ್ಲಿಯೂ ಅಡುಗೆಮನೆ ಸೇವಕರ ಕಡೆಗೆ ಬೇರೆಯಾಗಿಯೇ ಉಳಿಯಿತು. 1934ರಲ್ಲಿ ಮಿನಿಯಾಪೊಲಿಸ್ ನಗರದ ವಿಲ್ಲಿ ಕುಟುಂಬಕ್ಕೆ ಕಟ್ಟಿದ ಚಿಕ್ಕ ಮನೆಯಲ್ಲಿ ಅವರು ಅಡುಗೆಮನೆಯನ್ನೂ ಹಾಲಿನತ್ತ ತೆರೆದಿಟ್ಟರು. ಸೇವಕರಿರುವವರೆಗೆ ಅಡುಗೆಮನೆಗೆ ಗೋಡೆ. ಗೃಹಿಣಿಯೇ ಅಡುಗೆಗೆ ನಿಂತಾಗ ಗೋಡೆ ಬಿತ್ತು ಎಂದು ಇದನ್ನು ಅರ್ಥೈಸಬಹುದು. ಕಾಂಕ್ರೀಟು ಮತ್ತು ಉಕ್ಕಿನ ಕಂಬ ತೊಲೆಗಳು ಛಾವಣಿಯ ಭಾರವನ್ನು ಹೊರತೊಡಗಿದ ಮೇಲೆ ಒಳಗೋಡೆಗಳು ಅನಿವಾರ್ಯವಾಗಿ ಉಳಿಯಲಿಲ್ಲ. ಸೌದೆ ಒಲೆ ಹೋಗಿ ಅನಿಲದ ಒಲೆ ಬಂದ ಮೇಲೆ ಹೊಗೆಯ ಅಡ್ಡಿಯೂ ಕಡಿಮೆಯಾಯಿತು. ನಗರಗಳಲ್ಲಿ ಅಡಿಯ ಲೆಕ್ಕದಲ್ಲಿ ಜಾಗವನ್ನು ಕೊಳ್ಳಬೇಕಾಗಿ ಬಂದಾಗ, ಚಿಕ್ಕ ಮನೆಯನ್ನು ದೊಡ್ಡದಾಗಿ ಕಾಣಿಸುವ ಉಪಾಯವಾಗಿ ನಮ್ಮಲ್ಲಿಯೂ ಇದು ಬೇರೂರಿತು.

ಹಾಸನದ ಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮನೆ ತೊಟ್ಟಿಮನೆ. ಮುಂದೆ ಅಂಗಡಿ, ಹಿಂದೆ ವಾಸ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಕಂಬಗಳ ಪಡಸಾಲೆ. ಮಳೆ, ಬಿಸಿಲು, ಬೆಳದಿಂಗಳು ಎಲ್ಲವೂ ಮನೆಯೊಳಗೆ ಬರುತ್ತಿದ್ದವು. ತೆರೆದ ವಿನ್ಯಾಸವನ್ನು ನಾವು ಪರದೇಶದಿಂದ ಕಲಿಯಬೇಕಾಗಿರಲಿಲ್ಲ. ಆದರೆ ಆ ತೆರವಿನ ಸುಖ ಯಾರಿಗೆ ದೊರೆಯುತ್ತಿತ್ತು? ಪಡಸಾಲೆಯಲ್ಲಿ ಕುಳಿತ ಗಂಡಸರಿಗೆ. ಅಡುಗೆಮನೆ ಹಿಂಭಾಗದಲ್ಲಿ, ಒಂದು ಬೆಳಕಿಂಡಿಯ ಕೆಳಗೆ, ಮಸಿ ಹಿಡಿದ ಗೋಡೆಗಳ ನಡುವೆ ಇತ್ತು. ಅಲ್ಲಿ ನಮ್ಮ ಅಜ್ಜಿ, ಅನಂತರ ನಮ್ಮ ತಾಯಿ, ಅನಂತರ ನನ್ನ ಪತ್ನಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. ನಮ್ಮ ಮನೆಗೆ ಅನಿಲದ ಒಲೆ ಬಂದದ್ದು 1987ರಲ್ಲಿ. ಅದರ ಮಾರನೆಯ ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಬಸದಿಯ ಪೂಜೆ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಸ್ವಾಧ್ಯಾಯ ಆರಂಭವಾಯಿತು. ಹತ್ತು ಹದಿನೈದು ಜನ ಸೇರುತ್ತಿದ್ದರು. ನಾನು ಗ್ರಂಥ ಓದಿ ಅರ್ಥ ಹೇಳುತ್ತಿದ್ದೆ. ಮಧ್ಯಾಹ್ನದ ಊಟ ನಮ್ಮಲ್ಲಿಯೇ. ಊರಿನಲ್ಲಿ ಈ ಗೋಷ್ಠಿಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ಬಗೆಗೆ ನನಗೆ ಹೆಮ್ಮೆಯೂ ಇತ್ತೆಂಬುದನ್ನು ಮರೆಮಾಚುವುದಿಲ್ಲ.

ಮಗನ ನಕ್ಷೆಯನ್ನು ಹಿಂದಿರುಗಿಸಿದ ದಿನ ರಾತ್ರಿ ನನ್ನ ಪತ್ನಿ, "ನಿಮ್ಮನ್ನು ಒಂದು ಮಾತು ಕೇಳಲೇ?" ಎಂದಳು. "ಯಶೋಧರನ ಕಥೆಯಲ್ಲಿ ಆ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಮೇಲೆ ಏನಾಯಿತು?"

ನನಗೆ ಆಶ್ಚರ್ಯವಾಯಿತು. ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನಾನು ನಮ್ಮ ಗೋಷ್ಠಿಯಲ್ಲಿ ಆಮೂಲಾಗ್ರವಾಗಿ ಹೇಳಿದ್ದೆ. ಅದನ್ನೇ ಅವಳಿಗೆ ನೆನಪಿಸಿದೆ.

"ಹೇಳಿದ್ದಿರಿ. 1996ರ ಚಾತುರ್ಮಾಸ್ಯದಲ್ಲಿ. ಹಿಟ್ಟಿನ ಕೋಳಿಯವರೆಗೆ ಬಾಗಿಲ ಬಳಿ ನಿಂತು ಕೇಳಿದೆ. ಆಗ ಹಾಲು ಉಕ್ಕಿತು, ಒಳಗೆ ಹೋದೆ. ಒಗ್ಗರಣೆ ಮುಗಿಸಿ ಬರುವಷ್ಟರಲ್ಲಿ ನೀವೆಲ್ಲ ಊಟಕ್ಕೆ ಏಳುತ್ತಿದ್ದಿರಿ. ಮುಂದಿನ ವಾರ ಬೇರೆ ಗ್ರಂಥ ಹಿಡಿದಿರಿ. ಅಷ್ಟು ವರ್ಷ ನೀವು ಹೇಳಿದ್ದನ್ನೆಲ್ಲ ನಾನು ಅರ್ಧರ್ಧವೇ ಕೇಳಿದ್ದೇನೆ. ಇನ್ನರ್ಧ ನಿಮಗೆ ಗೊತ್ತಾ ಎಂದು ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನ ಹೇಳಿಕೊಳ್ಳಲು ದಾರಿಯಾಗುತ್ತಿತ್ತು.

ಆ ರಾತ್ರಿ ಉಳಿದ ಕಥೆಯನ್ನು ಹೇಳಿದೆ. ಹಿಟ್ಟಿನ ಕೋಳಿಯೇ ಆದರೂ ಕೊಲ್ಲುವ ಸಂಕಲ್ಪದಿಂದ ಕೊಂದುದರ ಫಲವಾಗಿ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲಿದುದನ್ನು, ಕೊನೆಗೆ ಅಭಯರುಚಿ ಅಭಯಮತಿಯರಾಗಿ ಹುಟ್ಟಿ ಮಾರಿದತ್ತ ರಾಜನ ಮನಸ್ಸನ್ನು ಬಲಿಯಿಂದ ತಿರುಗಿಸಿದುದನ್ನು ಅವಳು ಮಗುವಿನಂತೆ ಕೇಳಿದಳು. "ಸಂಕಲ್ಪ ಹಿಂಸೆ ಎಂದರೆ ಇದು ತಾನೇ? ಆಗಲೇ ತಿಳಿದಿದ್ದರೆ ಮಕ್ಕಳಿಗೆ ಹೇಳುತ್ತಿದ್ದೆ" ಎಂದಷ್ಟೇ ಹೇಳಿ ಮಲಗಿದಳು. ನನಗೆ ನಿದ್ರೆ ಬರಲಿಲ್ಲ.

ಲೆಕ್ಕ ಬರೆಯುವುದು ನನ್ನ ವೃತ್ತಿ. ಮನಸ್ಸಿಗೆ ಸಂಕಟವಾದಾಗ ಜಮಾ ಖರ್ಚು ನೋಡುವುದು ಅಭ್ಯಾಸ. ನಾನು ಮಗನ ಮುಂದೆ ಹಿಡಿದ ದೊಡ್ಡ ಆಕ್ಷೇಪ ಮುನಿಗಳ ಆಹಾರದಾನದ್ದು. ನವಧಾ ಭಕ್ತಿಯಿಂದ ಮುನಿಗಳನ್ನು ಬರಮಾಡಿಕೊಳ್ಳುವ ಭಾಗ್ಯ ಆ ಹಳೆಯ ಮನೆಯಲ್ಲಿ ನನ್ನ ಯಜಮಾನಿಕೆಯ ಕಾಲದಲ್ಲಿ ಎಷ್ಟು ಬಾರಿ ಒದಗಿತು? ನಾಲ್ಕು ಬಾರಿ. ಆ ನಾಲ್ಕು ದಿನಗಳಲ್ಲಿಯೂ ಅಡುಗೆಮನೆಯನ್ನು ಹಿಂದಿನ ದಿನವೇ ತೊಳೆದು, ಮೇಲೆ ಬಟ್ಟೆ ಕಟ್ಟಿ, ಬಾವಿಯ ನೀರನ್ನು ಸೋಸಿ ತಂದು ಚೌಕವನ್ನು ಸಿದ್ಧಪಡಿಸಿದವಳು ಅವಳೇ. ಶುದ್ಧಿ ಬಂದದ್ದು ಅವಳ ಶ್ರಮದಿಂದಲೂ ಶ್ರದ್ಧೆಯಿಂದಲೂ ಹೊರತು ಗೋಡೆಯಿಂದಲ್ಲ. ಆ ನಾಲ್ಕು ದಿನಗಳ ಹೆಸರು ಹೇಳಿ ಸಾವಿರಾರು ದಿನಗಳ ಏಕಾಂತವಾಸವನ್ನು ನಾನು ಸಮರ್ಥಿಸುತ್ತಿದ್ದೆ. ಅಚೌರ್ಯ ವ್ರತದ ಭಾವನೆಗಳಲ್ಲಿ ಪರೋಪರೋಧಾಕರಣವೆಂಬುದೊಂದುಂಟು. ಇನ್ನೊಬ್ಬರನ್ನು ತಡೆಯದಿರುವುದು ಎಂದು ಅದರ ಅರ್ಥ. ವಾಸಸ್ಥಾನದ ವಿಷಯದಲ್ಲಿ ಮುನಿಗಳಿಗೆ ಹೇಳಿದ ಮಾತದು. ಗೃಹಸ್ಥನೂ ಅದನ್ನು ತನಗೆ ಅನ್ವಯಿಸಿಕೊಂಡರೆ ತಪ್ಪೇನು? ಧರ್ಮಶ್ರವಣದಿಂದ ಒಬ್ಬ ಶ್ರಾವಕಿಯನ್ನು ನಾನು ಅಷ್ಟು ವರ್ಷ ತಡೆದಿದ್ದೆ. ಅದೂ ಧರ್ಮದ ಹೆಸರಿನಲ್ಲಿ.

ಬೆಳಗ್ಗೆ ಮಗನಿಗೆ ದೂರವಾಣಿ ಮಾಡಿ, ನಕ್ಷೆಯಂತೆಯೇ ಕಟ್ಟಿಸೆಂದು ಹೇಳಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ತೆರೆದ ಮನೆಯೇ ಧರ್ಮಸಮ್ಮತವೆಂದು ಬರೆದು ಲೇಖನಿ ಕೆಳಗಿಡುತ್ತಿದ್ದೆ. ಅನೇಕಾಂತವನ್ನು ನಂಬುವವನು ಅಷ್ಟು ಬೇಗ ತೀರ್ಪು ಕೊಡಬಾರದು. 2023ರಲ್ಲಿ ಮನೆ ಮುಗಿದು, ನಾನು, ನನ್ನ ಪತ್ನಿ ಮತ್ತು ನಮ್ಮೊಡನೆಯೇ ಇರುವ ನನ್ನ ಅಕ್ಕ ಅಲ್ಲಿಗೆ ಹೋಗಿ ನೆಲೆಸಿದೆವು. ಆರು ತಿಂಗಳೊಳಗೆ ಲೆಕ್ಕದ ಇನ್ನೊಂದು ಬದಿಯೂ ತುಂಬತೊಡಗಿತು.

ಲಾಭಗಳನ್ನು ಮೊದಲು ಹೇಳುತ್ತೇನೆ. ಗಾಳಿ ಬೆಳಕುಗಳು ಮನೆಯ ಈ ತುದಿಯಿಂದ ಆ ತುದಿಗೆ ಹರಿಯುತ್ತವೆ. ಹಗಲಿನಲ್ಲಿ ದೀಪ ಹಚ್ಚುವ ಅಗತ್ಯವಿಲ್ಲ. ಮೊಮ್ಮಕ್ಕಳು ಅಡುಗೆ ಮಾಡುವವರ ಕಣ್ಣಳತೆಯಲ್ಲಿಯೇ ಓದುತ್ತಾರೆ, ಆಡುತ್ತಾರೆ. ಸೊಸೆ ತರಕಾರಿ ಹೆಚ್ಚುತ್ತಿದ್ದರೆ ಮಗನು ತಾನಾಗಿಯೇ ಎದ್ದು ಹೋಗಿ ಕೈಗೂಡಿಸುತ್ತಾನೆ. ಗೋಡೆಯಿದ್ದ ಕಾಲದಲ್ಲಿ ಆ ಕೆಲಸ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲವಾದ್ದರಿಂದ ಕೈಗೂಡಿಸಬೇಕೆಂಬುದೂ ತೋಚಲಿಲ್ಲ. ಕಡಿಮೆ ಅಳತೆಯ ಮನೆಯಲ್ಲಿ ಹೆಚ್ಚು ಜನ ಹಿಡಿಸುತ್ತಾರೆ. ಪರಿಗ್ರಹ ಪರಿಮಾಣದ ದೃಷ್ಟಿಯಿಂದ ಇದು ಅಲ್ಪ ಲಾಭವಲ್ಲ. ಎಲ್ಲಕ್ಕೂ ಮಿಗಿಲಾಗಿ, ಭಾನುವಾರದ ಸ್ವಾಧ್ಯಾಯವನ್ನು ನನ್ನ ಪತ್ನಿ ಈಗ ಕೊನೆಯವರೆಗೂ ಕೇಳುತ್ತಾಳೆ. ಕೇಳುವುದಷ್ಟೇ ಅಲ್ಲ, ಪ್ರಶ್ನೆಯನ್ನೂ ಕೇಳುತ್ತಾಳೆ. ಎರಡು ಬಾರಿ ನನ್ನ ಅರ್ಥವಿವರಣೆಯನ್ನು ತಿದ್ದಿಕೊಳ್ಳಬೇಕಾಯಿತು.

ಇನ್ನು ನಷ್ಟ. ಅಕ್ಕನಿಗೆ ಎಪ್ಪತ್ತೈದು ದಾಟಿದೆ; ವೈಧವ್ಯದ ಬಳಿಕ ಮೂರು ಹೊತ್ತು ಸಾಮಾಯಿಕ ತಪ್ಪಿಸಿದವಳಲ್ಲ. ಮನೆಯಲ್ಲಿ ಉಳಿದ ಎರಡು ಮಲಗುವ ಕೋಣೆಗಳಲ್ಲಿ ಒಂದು ಮಗ ಸೊಸೆಯರದು, ಇನ್ನೊಂದು ನಮ್ಮದು. ಅಕ್ಕ ಮೊಮ್ಮಕ್ಕಳೊಡನೆ ಹಾಲಿನ ಮೂಲೆಯಲ್ಲಿ. ಸಂಜೆಯ ಸಾಮಾಯಿಕಕ್ಕೆ ಕುಳಿತರೆ ಒಂದು ಕಡೆ ಮಿಕ್ಸಿ, ಇನ್ನೊಂದು ಕಡೆ ದೂರದರ್ಶನದ ಕ್ರಿಕೆಟ್ಟು. ಸಾಮಾಯಿಕಕ್ಕೆ ಚಿತ್ತವಿಕ್ಷೇಪವಿಲ್ಲದ ಏಕಾಂತ ಸ್ಥಳ ಬೇಕು, ಅದು ಕಾಡಾಗಲಿ, ಮನೆಯಾಗಲಿ, ಚೈತ್ಯಾಲಯವಾಗಲಿ ಎಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಆಚಾರ್ಯರ ಅಭಿಪ್ರಾಯ. ಅನರ್ಥದಂಡಗಳಲ್ಲಿ ದುಃಶ್ರುತಿಯನ್ನೂ ಅವರು ಎಣಿಸಿದ್ದಾರೆ. ಗೋಡೆಯಿದ್ದರೆ ಕೇಳಬಾರದುದನ್ನು ಕೇಳದೆ ಎದ್ದು ಹೋಗಬಹುದು. ಗೋಡೆಯಿಲ್ಲದ ಮನೆಯಲ್ಲಿ ಎದ್ದು ಎಲ್ಲಿಗೆ ಹೋಗುವುದು? ಅಕ್ಕ ಯಾರನ್ನೂ ದೂರಲಿಲ್ಲ. ಒಂದು ದಿನ ಸ್ನಾನದ ಮನೆಯ ಮುಂದಿನ ಕಿರಿದಾದ ಓಣಿಯಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದುದನ್ನು ಕಂಡೆ. ಒಬ್ಬ ಶ್ರಾವಕಿಗೆ ಗೋಡೆ ಕೆಡವಿ ಉಪಕಾರ ಮಾಡಿದೆನೆಂದುಕೊಂಡಿದ್ದ ನಾನು ಇನ್ನೊಬ್ಬ ಶ್ರಾವಕಿಯ ಗೋಡೆಯನ್ನು ಕಸಿದುಕೊಂಡಿದ್ದೆ.

ಸೊಸೆಯ ಮಾತು ಬೇರೆಯೇ ಇತ್ತು. ಕೇಳಿದಾಗ ಹಿಂಜರಿಯುತ್ತ ಹೇಳಿದಳು: "ಮಾವ, ಇಂಥ ಅಡುಗೆಮನೆ ಬೇಕೆಂದವಳು ನಾನೇ, ಇಲ್ಲವೆನ್ನುವುದಿಲ್ಲ. ಆದರೆ ಯಾರೇ ಬಂದರೂ ಮೊದಲು ಕಾಣುವುದು ನನ್ನ ಸಿಂಕು, ನನ್ನ ಪಾತ್ರೆ. ದಿನಕ್ಕೆ ಹತ್ತು ಸಲ ಒರೆಸಬೇಕು. ಬೇಸರವಾದರೆ ಮುಖ ತಿರುಗಿಸಿಕೊಂಡು ನಿಲ್ಲಲೂ ಜಾಗವಿಲ್ಲ." ಹಳೆಯ ಅಡುಗೆಮನೆ ಹೆಂಗಸರನ್ನು ಮರೆಮಾಡಿತು, ಹೊಸದು ಅವರನ್ನು ಪ್ರದರ್ಶನಕ್ಕಿಟ್ಟಿತು. ಎರಡರಲ್ಲಿಯೂ ಕೆಲಸದ ಭಾರ ಮಾತ್ರ ಅವರ ಹೆಗಲ ಮೇಲೆಯೇ ಉಳಿದರೆ ಗೋಡೆ ಬಿದ್ದುದರಿಂದ ಆದ ಪ್ರಯೋಜನವೇನು?

ಇನ್ನೂ ಕೆಲವು ಚಿಕ್ಕ ನಷ್ಟಗಳುಂಟು. ಒಗ್ಗರಣೆಯ ಘಾಟು ಪುಸ್ತಕದ ಕಪಾಟಿನವರೆಗೂ ಹೋಗುತ್ತದೆ. ಹಳೆಯ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಅಡುಗೆಮನೆಯ ಅಗುಳಿ ಹಾಕಿದರೆ ಅಂದಿನ ಆಹಾರದ ವಿಚಾರವೇ ಮುಗಿಯುತ್ತಿತ್ತು. ಆ ಅಗುಳಿಯ ಶಬ್ದವೇ ಮಕ್ಕಳಿಗೆ ರಾತ್ರಿಭೋಜನ ತ್ಯಾಗದ ಪಾಠವಾಗಿತ್ತು. ತೆರೆದ ಅಡುಗೆಮನೆಗೆ ಸೂರ್ಯಾಸ್ತವೇ ಇಲ್ಲ. ರಾತ್ರಿ ಹತ್ತಕ್ಕೂ ತಂಗಳು ಪೆಟ್ಟಿಗೆ ಎದುರಿಗೇ ನಿಂತು ಕರೆಯುತ್ತದೆ. ಮಳೆಗಾಲದಲ್ಲಿ ಹಾಲಿನ ದೀಪಗಳಿಗೆ ಬಂದ ಹುಳುಗಳು ನೇರವಾಗಿ ಅಡುಗೆಯ ಕಟ್ಟೆಯವರೆಗೆ ಬರುತ್ತವೆ. ಹವಾನಿಯಂತ್ರಣವಿರುವ ಮನೆಗಳಲ್ಲಿ ಒಬ್ಬರು ಕುಳಿತಿದ್ದರೂ ಇಡೀ ಹಾಲನ್ನು ತಂಪುಮಾಡಬೇಕು. ಪ್ರಮಾದಚರ್ಯೆಗೆ ಇದೂ ಒಂದು ದಾರಿ. ಬೆಂಕಿಯ ಅನಾಹುತವಾದರೆ ಮುಚ್ಚಿದ ಬಾಗಿಲು ಹೊಗೆಯನ್ನು ಸ್ವಲ್ಪ ಹೊತ್ತಾದರೂ ತಡೆಯುತ್ತದೆ; ಇಲ್ಲಿ ಆ ತಡೆಯಿಲ್ಲ. 2020ರ ಮಾರ್ಚ್ 25ರಂದು ದೇಶವೆಲ್ಲ ಮನೆಯೊಳಗೆ ಸೇರಿದಾಗ ಬೆಂಗಳೂರಿನ ನಮ್ಮ ಬಂಧುಗಳ ಅನೇಕ ಮನೆಗಳಲ್ಲಿ ಒಂದೇ ಹಾಲಿನಲ್ಲಿ ತಂದೆಯ ಕಚೇರಿ, ಮಗುವಿನ ಶಾಲೆ, ತಾಯಿಯ ಅಡುಗೆ ಮೂರೂ ನಡೆಯಬೇಕಾಗಿ ಬಂದು, ಬಾಗಿಲೆಂಬುದು ಏಕೆ ಹುಟ್ಟಿತೆಂಬುದು ಎಲ್ಲರಿಗೂ ಅರ್ಥವಾಯಿತು.

ಈ ಚಿಂತೆಯಲ್ಲಿದ್ದಾಗ ಶ್ರವಣಬೆಳಗೊಳಕ್ಕೆ ಹೋಗುವ ಸಂದರ್ಭ ಬಂದಿತು. ಹೊಯ್ಸಳ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿ ನವರಂಗದಲ್ಲಿ ಕುಳಿತಾಗ, ಎಷ್ಟೋ ಬಾರಿ ನೋಡಿದ ಕಟ್ಟಡ ಅಂದು ಬೇರೆಯಾಗಿ ಕಂಡಿತು. ಮುಖಮಂಡಪ ಹೊರಗಿನವರಿಗೆಲ್ಲ ತೆರೆದಿದೆ. ನವರಂಗದಲ್ಲಿ ಕಂಬಗಳುಂಟು, ಅಡ್ಡಗೋಡೆಗಳಿಲ್ಲ. ಎಲ್ಲರೂ ಕೂಡಿ ಕೂರುವ ಸ್ಥಳ. ಅನಂತರ ಸುಕನಾಸಿ, ಅನಂತರ ಗರ್ಭಗೃಹ; ಹೋದಂತೆಲ್ಲ ಸ್ಥಳ ಕಿರಿದಾಗುತ್ತದೆ, ಮೌನ ಹಿರಿದಾಗುತ್ತದೆ. ಎಲ್ಲವೂ ತೆರೆದಿದ್ದರೆ ಅದು ಸಂತೆ. ಎಲ್ಲವೂ ಮುಚ್ಚಿದ್ದರೆ ಅದು ಉಗ್ರಾಣ. ಕಾರ್ಕಳದಲ್ಲಿ 1586ರಲ್ಲಿ ನಿರ್ಮಾಣವಾದ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಆದರೂ ನಡುವೆ ಗರ್ಭಗೃಹವೆಂಬುದು ಇದ್ದೇ ಇದೆ. ಸಮವಸರಣದ ವರ್ಣನೆಯನ್ನೇ ನೆನೆಯೋಣ. ಅದಕ್ಕಿಂತ ತೆರೆದ ಸಭೆ ಮೂರು ಲೋಕದಲ್ಲಿ ಇಲ್ಲ. ಅಲ್ಲಿ ಪ್ರಾಣಿಗಳಿಗೂ ಪ್ರವೇಶವುಂಟು. ಹಾಗಿದ್ದರೂ ಅಲ್ಲಿ ಹನ್ನೆರಡು ಕೋಷ್ಠಗಳು. ಅವುಗಳ ನಡುವಣ ಗೋಡೆಗಳು ಸ್ಫಟಿಕದವು. ಆರ್ಯಿಕೆಯರಿಗೂ ಶ್ರಾವಕಿಯರಿಗೂ ಅವರದೇ ಆದ ಕೋಷ್ಠವುಂಟು. ಪ್ರತಿಯೊಬ್ಬರಿಗೂ ತಮ್ಮ ಸ್ಥಾನವಿದೆ, ಆದರೆ ದಿವ್ಯಧ್ವನಿ ಕೇಳಿಸದ ಸ್ಥಾನ ಯಾವುದೂ ಇಲ್ಲ.

ನಾನು ಪಡೆದ ಉತ್ತರ ಇಷ್ಟೇ. ಗೋಡೆ ಇರಬೇಕೇ ಬೇಡವೇ ಎಂಬುದು ಮೊದಲ ಪ್ರಶ್ನೆಯಲ್ಲ. ಯಾರಿಗಾಗಿ ಗೋಡೆ, ಅದರ ಅಗುಳಿ ಯಾವ ಬದಿಗಿದೆ ಎಂಬುದೇ ಪ್ರಶ್ನೆ. ಒಳಗಿರುವವರು ತಾವಾಗಿ ಮುಚ್ಚಿಕೊಳ್ಳುವ ಬಾಗಿಲು ಏಕಾಂತ. ಹೊರಗಿನವರು ಅವರ ಮೇಲೆ ಮುಚ್ಚುವ ಬಾಗಿಲು ಬಂಧನ.

ಮೈಸೂರಿನ ಮನೆಯಲ್ಲಿ ಈಗ ಎರಡು ತಿದ್ದುಪಡಿಗಳಾಗಿವೆ. ಅಡುಗೆಯ ಜಾಗಕ್ಕೂ ಹಾಲಿಗೂ ನಡುವೆ ಸರಿಸುವ ಗಾಜಿನ ಬಾಗಿಲನ್ನು ಹಾಕಿಸಿದೆವು. ಒಗ್ಗರಣೆಯ ಹೊತ್ತಿನಲ್ಲಿ, ಸೊಸೆಗೆ ಬೇಕೆನಿಸಿದಾಗ ಮತ್ತು ಸೂರ್ಯಾಸ್ತದ ಅನಂತರ ಅದು ಮುಚ್ಚುತ್ತದೆ. ಸ್ವಾಧ್ಯಾಯದ ಹೊತ್ತಿನಲ್ಲಿ ತೆರೆದಿರುತ್ತದೆ. ಅದನ್ನು ಸರಿಸುವ ಅಧಿಕಾರ ಅಡುಗೆ ಮಾಡುವವರದು, ಅತಿಥಿಗಳದಲ್ಲ. ಮೆಟ್ಟಿಲ ಪಕ್ಕದಲ್ಲಿ ಸಾಮಾನು ತುಂಬಿದ್ದ ಆರಡಿ ಐದಡಿಯ ಜಾಗವನ್ನು ತೆರವು ಮಾಡಿಸಿ, ಕಿಟಕಿ ಇಟ್ಟು, ಬಾಗಿಲು ಕೂಡಿಸಿ ಅಕ್ಕನ ಸಾಮಾಯಿಕಕ್ಕೆ ಕೊಟ್ಟೆವು. ಶಾಸ್ತ್ರಗ್ರಂಥಗಳೂ ಅಲ್ಲಿಯೇ ಇವೆ. ಕೆಲವು ದಿನ ಸೊಸೆಯೂ ಅರ್ಧ ಗಂಟೆ ಅಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರುತ್ತಾಳೆ. ಏನು ಮಾಡುತ್ತಾಳೆಂದು ಯಾರೂ ಕೇಳುವುದಿಲ್ಲ. ಹೊಸದಾಗಿ ಕಟ್ಟಿಸುವವರಿಗೆ ನನ್ನ ಸಲಹೆ: ಎಷ್ಟೇ ಚಿಕ್ಕ ಮನೆಯಾಗಲಿ, ಬಾಗಿಲುಳ್ಳ ಒಂದು ಮೌನದ ಜಾಗವನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ, ಉಳಿದುದನ್ನು ಬೇಕಾದಷ್ಟು ತೆರೆದಿಡಿ. ಹಳೆಯ ಮನೆಗಳಲ್ಲಿ ವಾಸಿಸುವವರು ಹುಮ್ಮಸ್ಸಿನಿಂದ ಗೋಡೆ ಒಡೆಸಬಾರದು. ಆ ಮನೆಗಳಲ್ಲಿ ಛಾವಣಿಯ ಭಾರ ಹೊತ್ತಿರುವುದು ಗೋಡೆಗಳೇ. ಬಲ್ಲ ಎಂಜಿನಿಯರರನ್ನು ಕೇಳದೆ ಒಂದು ಇಟ್ಟಿಗೆಯನ್ನೂ ಕದಲಿಸಕೂಡದು.

ಬಸದಿಗಳ ಟ್ರಸ್ಟಿನ ಮಹನೀಯರಲ್ಲಿ ಒಂದು ವಿನಂತಿಯುಂಟು. ಯಾತ್ರಿನಿವಾಸ, ಭೋಜನಶಾಲೆ, ಪ್ರವಚನ ಮಂದಿರಗಳನ್ನು ಕಟ್ಟಿಸುವಾಗ ಅಡುಗೆಯವರು ಎಲ್ಲಿ ನಿಲ್ಲುತ್ತಾರೆಂಬುದನ್ನು ನೋಡಿ. ಪಂಚಕಲ್ಯಾಣದ ದಿನ ಸಾವಿರ ಜನ ಧರ್ಮೋಪದೇಶ ಕೇಳುತ್ತಿರುವಾಗ, ಆ ಸಾವಿರ ಜನರಿಗೆ ಅನ್ನ ಬೇಯಿಸುವವರಿಗೂ ಅದು ಕೇಳಿಸಬೇಕು. ಒಂದು ಕಿಟಕಿ, ಒಂದು ಧ್ವನಿವರ್ಧಕ, ಪಾಳಿಯ ಮೇಲೆ ಬಿಡುವು; ಇದಕ್ಕೆ ಹೆಚ್ಚು ಖರ್ಚಿಲ್ಲ. ಹಾಗೆಯೇ ವ್ರತಿಗಳಿಗೂ ವೃದ್ಧರಿಗೂ ಗದ್ದಲದಿಂದ ದೂರವಾದ ಒಂದು ಕೋಣೆಯಿರಲಿ. ಅಮೃತಶಿಲೆಗೆ ಮೀಸಲಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿದರೆ ಎರಡೂ ಆಗುತ್ತವೆ.

ಕಳೆದ ಭಾನುವಾರ ನಮ್ಮ ಗೋಷ್ಠಿಯಲ್ಲಿ ಯಶೋಧರ ಚರಿತೆಯನ್ನು ಪುನಃ ಆರಂಭಿಸಿದೆವು. ಈ ಬಾರಿ ಅರ್ಥ ಹೇಳುತ್ತಿರುವವಳು ನನ್ನ ಪತ್ನಿ. ಹಿಟ್ಟಿನ ಕೋಳಿಯ ಪ್ರಸಂಗಕ್ಕೆ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ಅವಳು ಮಾತು ನಿಲ್ಲಿಸಿ ಏಳಹೊರಟಳು. ನೀನು ಹೇಳು ಎಂದು ನಾನೇ ಎದ್ದು ಹೋದೆ. ಒಲೆಯ ಬಳಿ ನಿಂತಿದ್ದರೂ ಅವಳ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.